ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಸಿನಿಮಾ ಜಾಗಗಳು, ಸ್ಟಾರ್‌ಗಳ ಮನೆಗಳು: ನಡೆದು ನೋಡುವುದಾ, ರಿಕ್ಷಾನಾ, ಕುದುರೆ ಗಾಡಿನಾ?

ಬೇಸಿಗೆ ಹತ್ತಿರವಾದರೆ ಸಾಕು, ವಿಜಯಪುರದಲ್ಲಿ ನಮ್ಮ ಪರಿಚಯದವರ ಪೈಕಿ ಒಂದಿಬ್ಬರಾದರೂ ಸೂಟ್‌ಕೇಸ್ ತೂಕ ನೋಡುತ್ತಿರುತ್ತಾರೆ. ಮಗ ನ್ಯೂಜೆರ್ಸಿಯಲ್ಲಿ, ಸೊಸೆಗೆ ಹೆರಿಗೆ, ವೀಸಾ ಸಿಕ್ಕಿದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಪ್ಯಾಕ್ ಆಗಿ ಹೋಗುತ್ತದೆ. ನಾನು ಕೆಲಸದ ಮೇಲೆ ಆ ಕಡೆ ಇದ್ದು ಬಂದವನು, ಹಾಗಾಗಿ ಅವರು ಅಲ್ಲಿ ಇಳಿದು ನಿದ್ದೆ ಸರಿಹೋದ ಮೇಲೆ ನನಗೊಂದು ಮೆಸೇಜ್ ಬಂದೇ ಬರುತ್ತದೆ: “ಶನಿವಾರ ಸೆಂಟ್ರಲ್ ಪಾರ್ಕಿಗೆ ಹೊಂಟೇವಿ. ಅಲ್ಲಿ ಸಿನಿಮಾದವರ ಮನಿ ಭಾಳ ಅದಾವಂತಲ್ಲ, ಯಾವ ಟೂರ್ ಛಲೋ?”

ನೇರವಾಗಿ ಹೇಳಿಬಿಡುತ್ತೇನೆ. ಸ್ಟಾರ್‌ಗಳ ಮನೆ ತೋರಿಸುತ್ತೇವೆ ಅನ್ನುವ ಮಾತಿಗೆ ಒಂದು ಡಾಲರೂ ಕೊಡಬೇಡಿ. ಸಿನಿಮಾ ಕಥೆ ಚೆನ್ನಾಗಿ ಹೇಳುವ ಗೈಡ್‌ಗೆ ಬೇಕಾದರೆ ಕೊಡಿ. ಮೊಣಕಾಲು ನೋವಿದ್ದರೆ ಕೂತು ಹೋಗುವುದಕ್ಕೆ ಕೊಡಿ. ಮನೆ ಅಂತ ಅಲ್ಲಿ ಕಾಣುವುದು ಒಂದು ಗೇಟು, ಗೇಟಿನ ಮುಂದೆ ಉದ್ದ ಕೋಟಿನ ಡೋರ್‌ಮನ್, ಮೇಲೆ ನೂರಾರು ಕಿಟಕಿ. ಅಷ್ಟೇ. ಮುಂಬೈಯಲ್ಲಿ ಶಾರುಖ್ ಮನೆ ಮುಂದೆ ಜನ ಸೇರುತ್ತಾರೆ, ಅವರು ಮೇಲೆ ಬಂದು ಕೈ ಬೀಸುತ್ತಾರೆ, ಜನ ಖುಷಿಯಾಗಿ ಮನೆಗೆ ಹೋಗುತ್ತಾರೆ. ಆ ಪದ್ಧತಿ ಇಲ್ಲಿಲ್ಲ. ಇವು ಬಂಗಲೆಗಳೂ ಅಲ್ಲ, ಹತ್ತಾರು ಕುಟುಂಬ ಇರುವ ಹಳೇ ಅಪಾರ್ಟ್‌ಮೆಂಟ್‌ಗಳು. ನೀವು ಫುಟ್‌ಪಾತ್ ಮೇಲೆ ನಿಂತು ಫೋಟೊ ತೆಗೆದರೆ ಯಾರೂ ಬೇಡ ಅನ್ನಲ್ಲ, ಆದರೆ ಒಳಗೆ ಇಣುಕಿದರೆ ಡೋರ್‌ಮನ್ ನಯವಾಗಿ ಆಚೆ ಕಳಿಸುತ್ತಾನೆ.

ಮೊದಲು ಜಾಗದ ಲೆಕ್ಕ ತಲೆಯಲ್ಲಿ ಕೂತರೆ ಯಾವ ಟೂರ್ ಅನ್ನುವುದು ತಾನೇ ಗೊತ್ತಾಗುತ್ತದೆ. ಪಾರ್ಕು 843 ಎಕರೆ. ಉದ್ದ ಸುಮಾರು 4 ಕಿಲೋಮೀಟರ್, ಅಗಲ ಒಂದು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ದಕ್ಷಿಣಕ್ಕೆ 59ನೇ ಬೀದಿ, ಉತ್ತರಕ್ಕೆ 110ನೇ ಬೀದಿ. ಪೂರ್ವದ ಅಂಚು ಫಿಫ್ತ್ ಅವೆನ್ಯೂ, ಪಶ್ಚಿಮದ ಅಂಚು ಸೆಂಟ್ರಲ್ ಪಾರ್ಕ್ ವೆಸ್ಟ್. ಬೀದಿಗಳ ನಂಬರ್ ಲೆಕ್ಕದಲ್ಲಿ 20 ಬೀದಿ ದಾಟಿದರೆ ಒಂದು ಮೈಲಿ. ಸಿನಿಮಾಕ್ಕೆ ಸಂಬಂಧಪಟ್ಟಿದ್ದೆಲ್ಲ ಹೆಚ್ಚುಕಮ್ಮಿ 59ರಿಂದ 81ನೇ ಬೀದಿಯೊಳಗೇ ಇದೆ. ಅದಕ್ಕೇ ಇಡೀ ಪಾರ್ಕ್ ಸುತ್ತಿಸುತ್ತೇವೆ ಅನ್ನುವ ದೊಡ್ಡ ಟೂರ್ ಕಂಡರೆ ನನಗೆ ಅನುಮಾನ. ಉತ್ತರದ ಅರ್ಧ ಚೆಂದವೇ, ಆದರೆ ನೀವು ಹುಡುಕಿಕೊಂಡು ಬಂದಿದ್ದು ಅಲ್ಲಿ ಜಾಸ್ತಿ ಇಲ್ಲ.

ಸ್ವಂತವಾಗಿ ನಡೆದು ನೋಡುವುದು

ನನ್ನ ಓಟು ಇದಕ್ಕೇ. ದುಡ್ಡು ಉಳಿಯುತ್ತದೆ ಅನ್ನುವುದು ಒಂದು ಕಾರಣ, ಆದರೆ ದೊಡ್ಡ ಕಾರಣ ಬೇರೆ: ಪಶ್ಚಿಮದ ಮನೆಗಳೆಲ್ಲ ಒಂದೇ ಸಾಲಿನಲ್ಲಿವೆ. ದಾರಿ ತಪ್ಪಬೇಕೆಂದರೂ ತಪ್ಪುವುದಿಲ್ಲ.

ಕೊಲಂಬಸ್ ಸರ್ಕಲ್ ಅಂದರೆ 59ನೇ ಬೀದಿ ಸಬ್‌ವೇ (ನೆಲದಡಿಯ ಮೆಟ್ರೊ ರೈಲು) ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿ ಲಿಫ್ಟ್ ಇದೆ, ಹಿರಿಯರಿಗೆ ಅನುಕೂಲ. ನ್ಯೂಜೆರ್ಸಿ ಟ್ರೇನಿನಲ್ಲಿ ಪೆನ್ ಸ್ಟೇಷನ್‌ಗೆ ಬಂದವರು ಅಲ್ಲಿಂದ ಎ, ಸಿ ಅಥವಾ 1ನೇ ನಂಬರ್ ರೈಲು ಹಿಡಿದರೆ ಕೆಲವೇ ನಿಮಿಷ. ಹೊರಗೆ ಬಂದ ತಕ್ಷಣ ಲ್ಯಾಮಿನೇಟ್ ಮಾಡಿದ ಮ್ಯಾಪ್ ಹಿಡಿದ ಹುಡುಗರು ಸುತ್ತುವರಿಯುತ್ತಾರೆ. ಸೈಕಲ್ ಬೇಕಾ, ರಿಕ್ಷಾ ಬೇಕಾ, ಎಲ್ಲಿಂದ ಬಂದಿರಿ ಅಂತ. ಸುಮ್ನೆ ನಡೆಯುತ್ತಾ ಇರಿ. ನಿಂತು ಉತ್ತರ ಕೊಟ್ಟರೆ ಹತ್ತು ನಿಮಿಷ ಹೋಯಿತು.

ಪಾರ್ಕನ್ನು ಬಲಗಡೆ ಇಟ್ಟುಕೊಂಡು ಉತ್ತರಕ್ಕೆ ಹೊರಡಿ. 66ನೇ ಬೀದಿ ಹತ್ತಿರ 55 ಸೆಂಟ್ರಲ್ ಪಾರ್ಕ್ ವೆಸ್ಟ್. 1984ರ ‘ಘೋಸ್ಟ್‌ಬಸ್ಟರ್ಸ್’ ಸಿನಿಮಾದ ದೆವ್ವದ ಕಟ್ಟಡ ಇದೇ. ಆದರೆ ಸಿನಿಮಾದಲ್ಲಿ ತುದಿಗೆ ಕಾಣುವ ಗುಡಿ ಇಲ್ಲಿಲ್ಲ. ಅದು ಸ್ಟುಡಿಯೊದವರ ಕೈಚಳಕ. ಎದುರಿಗೆ ಪಾರ್ಕಿನೊಳಗೆ ಟ್ಯಾವರ್ನ್ ಆನ್ ದ ಗ್ರೀನ್ ಹೋಟೆಲ್, ಅದೇ ಸಿನಿಮಾದಲ್ಲಿ ಒಬ್ಬ ಗಾಜು ಬಡಿಯುತ್ತಾ ಕಿರುಚುತ್ತಾನೆ, ಒಳಗೆ ಊಟ ಮಾಡುವವರು ಒಂದು ಕ್ಷಣ ನೋಡಿ ಮತ್ತೆ ಊಟಕ್ಕೆ ಕೂರುತ್ತಾರಲ್ಲ, ಆ ಜಾಗ.

72ನೇ ಬೀದಿಯ ಮೂಲೆಯಲ್ಲಿ ಡಕೋಟಾ. ಇಲ್ಲಿ ಮಾತ್ರ ನಿಧಾನ ಮಾಡಿ. 1884ರಲ್ಲಿ ಮುಗಿದ ಕಟ್ಟಡ, ಚೂಪು ಮಾಳಿಗೆ, ಕಬ್ಬಿಣದ ಕಂಬಿಬೇಲಿ. ಬೀಟಲ್ಸ್ ಅನ್ನುವ ಹಾಡುಗಾರರ ತಂಡದ ಜಾನ್ ಲೆನನ್ ಇಲ್ಲಿದ್ದರು. ನಮ್ಮ ಹಿರಿಯರಿಗೆ ಬೀಟಲ್ಸ್ ಅಂದರೆ ಹೃಷಿಕೇಶಕ್ಕೆ ಮಹರ್ಷಿ ಮಹೇಶ ಯೋಗಿಗಳ ಹತ್ತಿರ ಬಂದಿದ್ದವರು ಅಂತ ಹೇಳಿದರೆ ಥಟ್ಟನೆ ನೆನಪಾಗುತ್ತದೆ. 1980ರ ಡಿಸೆಂಬರ್ 8ರ ರಾತ್ರಿ ಇದೇ ಕಟ್ಟಡದ ಕಮಾನಿನ ಬಾಗಿಲಲ್ಲಿ ಅವರಿಗೆ ಗುಂಡು ಹೊಡೆದರು. 1968ರ ‘ರೋಸ್‌ಮೇರಿಸ್ ಬೇಬಿ’ ಸಿನಿಮಾದ ಹೊರಗಿನ ದೃಶ್ಯಗಳೂ ಇಲ್ಲಿಯವೇ. ಗೇಟಿನ ಪಕ್ಕ ಕಾವಲಿನವನಿಗೆ ಒಬ್ಬರೇ ನಿಲ್ಲುವಷ್ಟು ಗೂಡು ಇದೆ, ಅದನ್ನು ಬಿಟ್ಟು ಮುಂದಕ್ಕೆ ಹೊರಗಿನವರಿಗೆ ಪ್ರವೇಶವಿಲ್ಲ. ಟಿಕೆಟ್ ಕೊಟ್ಟು ಒಳಗೆ ನೋಡುವ ಟೂರ್ ಇಲ್ಲ. ಯಾರಾದರೂ ಇದೆ ಅಂದರೆ ಸುಳ್ಳು.

ರಸ್ತೆ ದಾಟಿ ಪಾರ್ಕಿನೊಳಗೆ ಕಾಲಿಟ್ಟರೆ ಸ್ಟ್ರಾಬೆರಿ ಫೀಲ್ಡ್ಸ್. ಲೆನನ್ ನೆನಪಿಗೆ 1985ರಲ್ಲಿ ತೆರೆದ ಜಾಗ. ನೆಲದಲ್ಲಿ ಕಪ್ಪು ಬಿಳುಪಿನ ಗುಂಡು ಮೊಸಾಯಿಕ್, ಇಟಲಿಯ ನೇಪಲ್ಸ್ ನಗರದ ಕೊಡುಗೆ. ಸುತ್ತ ಬೆಂಚುಗಳು. ಫೋಟೊಕ್ಕೆ ಕ್ಯೂ ಇರುತ್ತದೆ, ಒಬ್ಬೊಬ್ಬರಾಗಿ ಹೋಗುತ್ತಾರೆ, ನುಗ್ಗಬೇಡಿ. ಬುತ್ತಿ ಬಿಚ್ಚುವುದಿದ್ದರೆ ಇಲ್ಲಿ ಬೇಡ, ಮುಂದೆ ಕೆರೆ ಹತ್ತಿರ ಬೇಕಾದಷ್ಟು ಜಾಗ ಇದೆ.

ಇನ್ನೆರಡು ಬೀದಿ ಮೇಲೆ ಸ್ಯಾನ್ ರೆಮೊ, ಎರಡು ಗೋಪುರದ ಕಟ್ಟಡ, 1930ರದ್ದು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಇಲ್ಲಿ ಮೇಲಿನ ಅಪಾರ್ಟ್‌ಮೆಂಟ್ ತಗೊಂಡು, ಐ. ಎಂ. ಪೇ ಅವರಂಥ ದೊಡ್ಡ ವಾಸ್ತುಶಿಲ್ಪಿಯಿಂದ ವರ್ಷಗಟ್ಟಲೆ ರಿಪೇರಿ ಮಾಡಿಸಿ, ಕೊನೆಗೆ ಒಂದು ದಿನವೂ ಸಂಸಾರ ಹೂಡದೆ ಗಾಯಕ ಬೊನೊಗೆ ಮಾರಿದರು. ಐಟಿ ಮಕ್ಕಳಿಗೆ ಈ ಕಥೆ ಹೇಳಿ, ನಿಮ್ಮ ಮನೆ ಕಂತಿನ ದುಃಖ ಸ್ವಲ್ಪ ಕಡಿಮೆಯಾದೀತು. ಇದೇ ಕಟ್ಟಡದ ಕಮಿಟಿ 1985ರಲ್ಲಿ ಗಾಯಕಿ ಮಡೋನಾಗೆ ಮನೆ ಕೊಡಲ್ಲ ಅಂದಿತ್ತು. ಅಲ್ಲಿ ಇಂಥ ಕಟ್ಟಡಗಳಲ್ಲಿ ದುಡ್ಡಿದ್ದರೆ ಮಾತ್ರ ಸಾಲದು, ಇರುವವರ ಕಮಿಟಿ ಒಪ್ಪಬೇಕು.

ಆದರೆ ಸ್ಯಾನ್ ರೆಮೊ ಬುಡದಲ್ಲಿ ನಿಂತು ಕತ್ತು ನೋಯಿಸಿಕೊಂಡರೆ ಏನೂ ಕಾಣಲ್ಲ. ಬರೀ ಗೋಡೆ. ಪಾರ್ಕಿನೊಳಗೆ ಹೋಗಿ, ಕೆರೆ ಮೇಲಿನ ಬೋ ಬ್ರಿಜ್ ಮೇಲೆ ನಿಂತು ಪಶ್ಚಿಮಕ್ಕೆ ತಿರುಗಿ. ಮರಗಳ ಮೇಲೆ ಎರಡೂ ಗೋಪುರ ಎದ್ದು ನಿಂತಿರುತ್ತವೆ, ಕೆಳಗೆ ನೀರು, ನೀರಲ್ಲಿ ಬಾಡಿಗೆ ದೋಣಿಗಳು. ಸಿನಿಮಾದಲ್ಲಿ ನೀವು ನೋಡಿರುವ ನ್ಯೂಯಾರ್ಕ್ ಅದು. ಸ್ಟಾರ್ ಮನೆ ನೋಡಲು ಮನೆ ಮುಂದೆ ಹೋಗಬಾರದು, ದೂರ ಹೋಗಬೇಕು. ರಿಕ್ಷಾದವರು, ಬಸ್ಸಿನವರು ಇದನ್ನು ತೋರಿಸಲು ಆಗಲ್ಲ, ಯಾಕಂದ್ರೆ ಬೋ ಬ್ರಿಜ್ ಮೇಲೆ ಯಾವ ಗಾಡಿಯೂ ಹೋಗುವಂತಿಲ್ಲ. ನಡೆದವರಿಗೆ ಮಾತ್ರ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಬೆಥೆಸ್ಡಾ ಟೆರೇಸ್, ಅದರ ಮುಂದೆ ರೆಕ್ಕೆ ಬಿಚ್ಚಿದ ದೇವತೆಯ ಕಾರಂಜಿ. ಡಿಸ್ನಿಯ ‘ಎನ್‌ಚಾಂಟೆಡ್’ ಸಿನಿಮಾದ ದೊಡ್ಡ ಹಾಡು ಇಲ್ಲೂ ನಡೆಯುತ್ತದೆ, ‘ಜಾನ್ ವಿಕ್’ ಎರಡನೇ ಭಾಗದ ಕೊನೆಯೂ ಇಲ್ಲಿಯದೇ. ಟೆರೇಸ್ ಕೆಳಗಿನ ಕಮಾನಿನ ಹಾದಿಯಲ್ಲಿ ತಲೆ ಎತ್ತಿ ನೋಡುವುದನ್ನು ಮರೆಯಬೇಡಿ. ಮಾಡಿನ ತುಂಬಾ ಬಣ್ಣದ ಟೈಲ್ಸ್, ಸಾವಿರಾರು. ಅಲ್ಲಿ ಯಾರಾದರೂ ಹಾಡುತ್ತಿರುತ್ತಾರೆ, ದನಿ ಚೆನ್ನಾಗಿ ಮೊಳಗುತ್ತದೆ. ಗೋಳಗುಮ್ಮಟದ ಊರಿನವರು ತಡೆಯಲಾರದೆ ಒಂದು ಸಲ ಕೂಗಿ ನೋಡುತ್ತಾರೆ. ನೋಡಲಿ ಬಿಡಿ.

ಅಲ್ಲಿಂದ ದಕ್ಷಿಣಕ್ಕೆ ಎಲ್ಮ್ ಮರಗಳ ಸಾಲುದಾರಿ, ಅದರ ಹೆಸರು ಮಾಲ್ (ಅಂಗಡಿಗಳ ಮಾಲ್ ಅಲ್ಲ), ಮುಂದೆ ಗ್ಯಾಪ್‌ಸ್ಟೋ ಬ್ರಿಜ್, ಆಮೇಲೆ ಪ್ಲಾಜಾ ಹೋಟೆಲ್. ಮಕ್ಕಳಿದ್ದರೆ ಇದೇ ಮುಖ್ಯ ಭಾಗ, ಯಾಕಂದ್ರೆ 1992ರ ‘ಹೋಮ್ ಅಲೋನ್ 2’ರ ಹುಡುಗ ಬಂದು ಇಳಿಯುವುದು ಪ್ಲಾಜಾದಲ್ಲಿ, ಪಾರಿವಾಳದ ಹೆಂಗಸು ಸಿಗುವುದು ಗ್ಯಾಪ್‌ಸ್ಟೋ ಕಡೆ. ಅದರಲ್ಲಿ ಹುಡುಗನಿಗೆ ದಾರಿ ಹೇಳುವ ಟ್ರಂಪ್ ಆಗ ಆ ಹೋಟೆಲಿನ ಮಾಲೀಕರೇ ಆಗಿದ್ದರು. ಇನ್ನೊಂದು ಮಜಾ: ಡಕೋಟಾ ಮತ್ತು ಪ್ಲಾಜಾ ಎರಡನ್ನೂ ವಿನ್ಯಾಸ ಮಾಡಿದ್ದು ಒಬ್ಬನೇ, ಹೆನ್ರಿ ಹಾರ್ಡನ್‌ಬರ್ಗ್. ಎರಡನ್ನೂ ಒಂದೇ ದಿನ ನೋಡಿದರೆ ಮಾಳಿಗೆಯ ಆಕಾರದಲ್ಲೇ ನೆಂಟಸ್ತನ ಗೊತ್ತಾಗುತ್ತದೆ.

ಈ ಸುತ್ತು ಎಲ್ಲ ಸೇರಿ 5 ಕಿಲೋಮೀಟರ್ ಅಂದುಕೊಳ್ಳಿ. ಕೂತು, ತಿಂದು, ಫೋಟೊ ತೆಗೆದು ಮೂರ್ನಾಲ್ಕು ಗಂಟೆ. ಇದರ ಕೊರತೆ ಒಂದೇ, ಕಥೆ ಹೇಳುವವರು ಇರಲ್ಲ. ಹಿಂದಿನ ರಾತ್ರಿ ಮಗ-ಸೊಸೆ ಜತೆ ಕೂತು ‘ಹೋಮ್ ಅಲೋನ್ 2’ ಒಂದು ನೋಡಿಕೊಂಡು ಹೊರಟರೂ ಅರ್ಧ ಕೊರತೆ ತುಂಬುತ್ತದೆ.

ಗೈಡ್ ಜತೆ ವಾಕಿಂಗ್ ಟೂರ್

ಎರಡು ಗಂಟೆ ಆಸುಪಾಸಿನದು, ತಲೆಗೆ ಸಾಮಾನ್ಯವಾಗಿ 30ರಿಂದ 50 ಡಾಲರ್ ಆಗುತ್ತದೆ, ಮೇಲೆ ಟಿಪ್ಸ್ ಬೇರೆ. ಒಳ್ಳೆ ಗೈಡ್ ಸಿಕ್ಕರೆ ಖಂಡಿತ ದುಡ್ಡಿಗೆ ಮೋಸವಿಲ್ಲ, ಸಿನಿಮಾದ ದೃಶ್ಯ ಕೈಯಲ್ಲಿ ಹಿಡಿದು ಕ್ಯಾಮೆರಾ ಇಲ್ಲಿತ್ತು, ನಟಿ ಅಲ್ಲಿದ್ದಳು ಅಂತ ನಿಂತ ಜಾಗದಲ್ಲೇ ತೋರಿಸುತ್ತಾರೆ.

ಆದರೆ ಯಾರಿಗೆ? ಹಾಲಿವುಡ್ ಸಿನಿಮಾ ನೋಡಿ ಬೆಳೆದ ಮಕ್ಕಳಿಗೆ ಸರಿ. ಅಪ್ಪ-ಅಮ್ಮನಿಗೆ ಇದು ಎರಡು ಗಂಟೆಯ ಶಿಕ್ಷೆ. ಇಂಗ್ಲಿಷ್ ಓಡುತ್ತದೆ, ಜೋಕು ಇನ್ನೂ ಜೋರಾಗಿ ಓಡುತ್ತದೆ, ಎಲ್ಲರೂ ನಕ್ಕ ಮೇಲೆ ಇವರು ನಗುತ್ತಾರೆ. ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ನೋಡದವರಿಗೆ ಅದರ ದೃಶ್ಯ ತೆಗೆದ, ಕೆರೆ ದಂಡೆಯ ಬೋಟ್‌ಹೌಸ್ ಹೋಟೆಲ್ ಮುಂದೆ ಹತ್ತು ನಿಮಿಷ ನಿಲ್ಲಿಸಿದರೆ ಏನು ಪ್ರಯೋಜನ, ಅಲ್ವಾ? ನಮ್ಮವರು ನೋಡಿರುವುದು ‘ಕಲ್ ಹೋ ನಾ ಹೋ’, ‘ಇಂಗ್ಲಿಷ್ ವಿಂಗ್ಲಿಷ್’. ಎರಡೂ ನ್ಯೂಯಾರ್ಕಿನಲ್ಲೇ ಶೂಟಿಂಗ್ ಆದವು. ಅವುಗಳ ಆಸೆ ಇದ್ದವರಿಗೆ ಪಾರ್ಕಿಗಿಂತ ಬ್ರೂಕ್ಲಿನ್ ಸೇತುವೆಗೆ ಒಂದು ಸಂಜೆ ಇಡಿ.

ಬುಕ್ ಮಾಡುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಪಾರ್ಕನ್ನು ನೋಡಿಕೊಳ್ಳುವ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿಯೂ ಟೂರ್ ಮಾಡಿಸುತ್ತದೆ. ಆದರೆ ಅದರಲ್ಲಿ ಮರ, ಸೇತುವೆ, 1858ರಲ್ಲಿ ಓಮ್‌ಸ್ಟೆಡ್ ಮತ್ತು ವಾಕ್ಸ್ ಪಾರ್ಕಿನ ನಕ್ಷೆ ಹೇಗೆ ಹಾಕಿದರು ಅನ್ನುವುದೇ ಮುಖ್ಯ. ನನಗಂತೂ ಸಿನಿಮಾ ಟೂರ್‌ಗಿಂತ ಅದು ಇಷ್ಟ. ಸಿನಿಮಾ ಅಂತ ಅಂದುಕೊಂಡು ಹೋದವರಿಗೆ ಮಾತ್ರ ಬೇಸರವಾಗುತ್ತದೆ.

ಪೆಡಲ್ ರಿಕ್ಷಾ

ಮೂರು ಗಾಲಿ, ಹಿಂದೆ ಕುಶನ್ ಸೀಟು, ಪ್ಲಾಸ್ಟಿಕ್ ಹೂವು, ಹಾಡು. ಚಾಲಕರು ದೇಶ ದೇಶದವರು, ಮಾತುಗಾರರು, ಯಾವ ಕಟ್ಟಡ ಕಂಡರೂ ಯಾರಾದರೂ ಒಬ್ಬ ಸ್ಟಾರ್ ಇದ್ದಾರೆ ಅಂತ ಹೇಳುತ್ತಾರೆ. ಅದರಲ್ಲಿ ಎಷ್ಟು ನಿಜ ಅನ್ನುವುದು ಅವರವರ ಧರ್ಮಕ್ಕೆ ಬಿಟ್ಟಿದ್ದು. ಕೂತುಕೊಂಡೇ ಬೆಥೆಸ್ಡಾ ಹತ್ತಿರ, ಡಕೋಟಾ ಎದುರು ಇಳಿಯಬಹುದು ಅನ್ನುವುದು ದೊಡ್ಡ ಅನುಕೂಲ. ಹೆಚ್ಚು ನಡೆಯಲು ಆಗದವರಿಗೆ ನಾನೂ ಇದನ್ನೇ ಹೇಳುತ್ತೇನೆ.

ಪೆಟ್ಟು ಬೀಳುವುದು ದುಡ್ಡಿನಲ್ಲಿ. ಬಾಡಿಗೆ ನಿಮಿಷದ ಲೆಕ್ಕ. ಗಾಡಿ ಮೇಲೆ ದರದ ಬೋರ್ಡ್ ಇರಬೇಕು, ಟೈಮರ್ ಕಾಣಬೇಕು, ಅದು ಊರಿನ ಕಾನೂನು. ಬೋರ್ಡಿನಲ್ಲಿ 8 ಅಂತ ಕಂಡರೆ ನಮ್ಮವರು ಒಂದು ಸುತ್ತಿಗೆ 8 ಡಾಲರ್ ಅಂದುಕೊಂಡು ಹತ್ತಿಬಿಡುತ್ತಾರೆ. ಅದು ನಿಮಿಷಕ್ಕೆ 8. ಅರ್ಧ ಗಂಟೆಗೆ 240 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 20 ಸಾವಿರ ದಾಟಿತು. ನಮ್ಮ ನೆಂಟರೊಬ್ಬರು ಇಳಿದ ಮೇಲೆ ಬಿಲ್ ಕೇಳಿ ಮಾತೇ ಆಡಲಿಲ್ಲ, ಸಂಜೆವರೆಗೂ.

ಹಾಗಾಗಿ ಹತ್ತುವ ಮುಂಚೆ ಒಟ್ಟು ಎಷ್ಟು, ಎಲ್ಲರಿಗೂ ಸೇರಿ ಎಷ್ಟು, ನಿಲ್ಲಿಸಿದ ಹೊತ್ತಿಗೂ ಲೆಕ್ಕವಾ ಅಂತ ಕೇಳಿ, ಆ ಮೊತ್ತವನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿ ಹೌದು ಅನ್ನಿಸಿಕೊಳ್ಳಿ. ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಫೋಟೊ ತೆಗೆಯುವಾಗ ಮುಖ ಸಿಂಡರಿಸುವ ಚಾಲಕನ ಗಾಡಿ ಬಿಟ್ಟು ಮುಂದಿನದಕ್ಕೆ ಹೋಗಿ, ಸಾಲಾಗಿ ನಿಂತಿರುತ್ತವೆ. ಕೂರಲು ಮೂವರಿಗೆ ಜಾಗ. ನಾಲ್ಕು ಜನ ಇದ್ದರೆ ಎರಡು ಗಾಡಿ, ಎರಡು ಬಿಲ್.

ಕುದುರೆ ಗಾಡಿ

ಗೋಳಗುಮ್ಮಟದ ಮುಂದೆ ಟಾಂಗಾದವರ ಜತೆ ಚೌಕಾಸಿ ಮಾಡಿ ಇಬ್ರಾಹಿಂ ರೋಜಾಕ್ಕೆ ಹೋದವರಿಗೆ ಕುದುರೆ ಗಾಡಿಯಲ್ಲಿ ಹೊಸದೇನಿದೆ ಅನ್ನಬಹುದು. ಇಲ್ಲಿ ಚೌಕಾಸಿ ನಡೆಯಲ್ಲ, ಕನಿಷ್ಠ ಬಾಡಿಗೆಗೆ ಊರೇ ದರ ಕಟ್ಟಿದೆ, ತಲೆಗಲ್ಲ, ಗಾಡಿಗೆ. ನಾಲ್ಕು ಜನ ಕೂತರೆ ರಿಕ್ಷಾಗಿಂತ ಅಗ್ಗವೂ ಆಗಬಹುದು. 59ನೇ ಬೀದಿ ಕಡೆಯ ಗೇಟುಗಳ ಒಳಗೆ ಸಿಗುತ್ತವೆ. ಉಷ್ಣತೆ 90 ಫ್ಯಾರನ್‌ಹೀಟ್, ಅಂದರೆ 32 ಡಿಗ್ರಿ ಮುಟ್ಟಿದರೆ ಕುದುರೆಗೆ ರಜೆ ಕೊಡಬೇಕು ಅಂತ ನಿಯಮ. ನಮ್ಮೂರಿನ ಕುದುರೆಗಳು ಕೇಳಿದರೆ ಏನಂದಾವು!

ಸಿನಿಮಾ ಜಾಗಕ್ಕಾಗಿ ಆದರೆ ಇದು ಬೇಡ. ಗಾಡಿ ಟಾರ್ ರಸ್ತೆ ಬಿಟ್ಟು ಇಳಿಯಲ್ಲ, ಸಣ್ಣ ಸುತ್ತಿನಲ್ಲಿ ದಕ್ಷಿಣದ ತುದಿಯಷ್ಟೇ ಆಗುತ್ತದೆ. ಕುದುರೆ ಗಾಡಿ ನಿಲ್ಲಿಸಬೇಕು ಅಂತ ವರ್ಷಗಳಿಂದ ಅಲ್ಲಿ ಜಗಳವೂ ನಡೆದಿದೆ, ಮೊಮ್ಮಕ್ಕಳೇ ಬೇಡ ಅಂದರೆ ಆಶ್ಚರ್ಯಪಡಬೇಡಿ.

ಸೈಕಲ್, ಬಸ್ಸು

ಸೈಕಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಾರ್ಕಿನ ದೊಡ್ಡ ಸುತ್ತು ಸುಮಾರು 10 ಕಿಲೋಮೀಟರ್, ಒಂದೇ ದಿಕ್ಕಿನಲ್ಲಿ ಹೋಗಬೇಕು. ಪಾರ್ಕಿನ ಈ ರಸ್ತೆಗಳಲ್ಲಿ 2018ರಿಂದ ಕಾರಿಗೆ ನಿಷೇಧ, ಹಾಗಾಗಿ ಹುಡುಗರಿಗೆ ಹಬ್ಬ. ಉತ್ತರದಲ್ಲಿ ಒಂದು ಏರು ಇದೆ, ಬಾಡಿಗೆ ಸೈಕಲ್‌ನಲ್ಲಿ ಅದು ಇನ್ನೂ ಎತ್ತರ ಅನಿಸುತ್ತದೆ. ಆದರೆ ಕಾಲುದಾರಿಗಳಲ್ಲಿ ಸೈಕಲ್ ತುಳಿಯುವಂತಿಲ್ಲ, ಬೆಥೆಸ್ಡಾ, ಬೋ ಬ್ರಿಜ್ ಎಲ್ಲ ಕಾಲುದಾರಿಯಲ್ಲೇ. ಪ್ರತಿ ಸಲ ಇಳಿದು ತಳ್ಳುವವರಿಗೆ ಸೈಕಲ್ಲೇ ಯಾಕೆ ಬೇಕು?

ಟೂರಿಸ್ಟ್ ಡಬಲ್ ಡೆಕರ್ ಬಸ್ಸುಗಳು ಪಾರ್ಕಿನೊಳಗೆ ಹೋಗಲ್ಲ, ಹೊರಗೆ ಸುತ್ತುತ್ತವೆ. ಪಾರ್ಕಿಗೆಂದೇ ಅದರ ಟಿಕೆಟ್ ತಗೊಳ್ಳಬೇಡಿ. ಮನೆಗಳನ್ನು ಕೂತು ನೋಡಬೇಕು ಅಂತಿದ್ದರೆ ಊರಿನ ಮಾಮೂಲಿ ಬಸ್ಸು ಎಂ10 ಇದೆಯಲ್ಲ, ಅದು ಸೆಂಟ್ರಲ್ ಪಾರ್ಕ್ ವೆಸ್ಟ್ ಉದ್ದಕ್ಕೂ ಓಡುತ್ತದೆ. ಸುಮಾರು 3 ಡಾಲರ್ ಟಿಕೆಟ್. ಉತ್ತರಕ್ಕೆ ಹೋಗುವಾಗ ಎಡಗಡೆ ಕಿಟಕಿ ಹಿಡಿದರೆ ಡಕೋಟಾ, ಸ್ಯಾನ್ ರೆಮೊ, ಮುಂದೆ ಬೆರೆಸ್‌ಫರ್ಡ್ ಅನ್ನುವ ಇನ್ನೊಂದು ಹಳೇ ಅಪಾರ್ಟ್‌ಮೆಂಟ್ ಎಲ್ಲ ಕಣ್ಣ ಮುಂದೆ ಹಾದುಹೋಗುತ್ತವೆ. ಇದನ್ನು ಯಾರೂ ಟೂರ್ ಅಂತ ಮಾರುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಿಲ್ಲ.

ನಾನು ನೆಂಟರಿಗೆ ಹೇಳುವ ಜೋಡಣೆ ಇದು. ಎಂ10 ಬಸ್ಸಿನಲ್ಲಿ ಕೊಲಂಬಸ್ ಸರ್ಕಲ್‌ನಿಂದ 72ನೇ ಬೀದಿವರೆಗೆ ಕೂತು ಬನ್ನಿ, ಡಕೋಟಾ ಹತ್ತಿರ ಇಳಿದು ಸ್ಟ್ರಾಬೆರಿ ಫೀಲ್ಡ್ಸ್, ಬೋ ಬ್ರಿಜ್, ಬೆಥೆಸ್ಡಾ ನಡೆದು ನೋಡಿ, ಕಾಲು ಸೋತರೆ ಬೆಥೆಸ್ಡಾದಿಂದ ಪ್ಲಾಜಾವರೆಗೆ ಮಾತ್ರ ರಿಕ್ಷಾ ಮಾತಾಡಿ. ಚಿಕ್ಕ ದೂರ, ಬಿಲ್ಲೂ ಚಿಕ್ಕದು.

ಫಿಫ್ತ್ ಅವೆನ್ಯೂ ಕಡೆ ಪ್ಲಾಜಾ ಬಿಟ್ಟರೆ ಮನೆಗಳಿಗಾಗಿ ಹೋಗಬೇಕಾದ್ದೇನಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯ ಹೆಂಡತಿ ಜಾಕಿ ಕೆನಡಿ ಓನಾಸಿಸ್ ಇದ್ದ 1040 ಫಿಫ್ತ್ ಅವೆನ್ಯೂ ಆ ಸಾಲಿನಲ್ಲಿದೆ, ಹತ್ತಿರದ ದೊಡ್ಡ ಕೆರೆಗೆ 1994ರಲ್ಲಿ ಅವರ ಹೆಸರಿಟ್ಟರು. ಬೆಳಗಿನ ವಾಕಿಂಗ್ ಅಭ್ಯಾಸ ಇದ್ದವರು ಆ ಕೆರೆ ಸುತ್ತಿ ಬರಬಹುದು, ಎರಡೂವರೆ ಕಿಲೋಮೀಟರ್.

ಮೊಮ್ಮಕ್ಕಳು ಕೇಳುವ ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ. ‘ಫ್ರೆಂಡ್ಸ್’ ಸೀರಿಯಲ್‌ನ ಕಾರಂಜಿ ಎಲ್ಲಿ? ಸೆಂಟ್ರಲ್ ಪಾರ್ಕಿನಲ್ಲಿಲ್ಲ, ಅದು ಕ್ಯಾಲಿಫೋರ್ನಿಯಾದ ಸ್ಟುಡಿಯೊ ಜಾಗದಲ್ಲಿ ತೆಗೆದದ್ದು. ಯಾರಾದರೂ ಪಾರ್ಕಿನ ಕಾರಂಜಿ ತೋರಿಸಿ ಇದೇ ಅಂದರೆ ನಂಬಬೇಡಿ. ಇನ್ನೊಂದು, ‘ನೈಟ್ ಅಟ್ ದ ಮ್ಯೂಸಿಯಂ’ನ ಮ್ಯೂಸಿಯಂ. ಅದು ಇದೆ, ಪಾರ್ಕಿನ ಪಶ್ಚಿಮಕ್ಕೆ 77ರಿಂದ 81ನೇ ಬೀದಿವರೆಗೆ, ಆದರೆ ಒಳಗಿನ ದೃಶ್ಯಗಳನ್ನು ಕೆನಡಾದ ವ್ಯಾಂಕೂವರ್‌ನಲ್ಲಿ ಸೆಟ್ ಹಾಕಿ ತೆಗೆದರು. ಡೈನೊಸಾರ್ ಅಸ್ಥಿಗಳು ಮಾತ್ರ ಒಳಗೆ ಇದ್ದೇ ಇವೆ. ನ್ಯೂಜೆರ್ಸಿ ವಿಳಾಸ ಇರುವವರು ಅಲ್ಲಿನ ಕೌಂಟರಿನಲ್ಲಿ ಇಷ್ಟ ಬಂದಷ್ಟು ಕೊಟ್ಟು ಒಳಗೆ ಹೋಗಬಹುದು. ಊರಿಂದ ಬಂದವರಿಗೆ ಪೂರ್ತಿ ಟಿಕೆಟ್.

ವಾಪಸ್ ಹೋಗುವಾಗ ಮ್ಯೂಸಿಯಂ ಹತ್ತಿರ 81ನೇ ಬೀದಿ ಸ್ಟೇಷನ್‌ನಲ್ಲಿ ಹತ್ತುವವರಿಗೆ ಒಂದು ಮಾತು: ಬಿ ರೈಲು ಶನಿವಾರ-ಭಾನುವಾರ ಓಡಲ್ಲ, ಸಿ ಹಿಡಿಯಿರಿ. ಬರುವಾಗಲೂ ಹಗಲು ಹೊತ್ತಿನಲ್ಲಿ ಎ ರೈಲಿನಲ್ಲಿ ಕೂತು 59ರಲ್ಲಿ ಇಳಿಯುವುದು ಮರೆತರೆ ಅದು ನಡುವೆ ಎಲ್ಲೂ ನಿಲ್ಲದೆ ಸೀದಾ 125ನೇ ಬೀದಿಗೆ ಒಯ್ಯುತ್ತದೆ.